ಮೂವತ್ತಾರನೆಯದು

ತ್ಬಿಲಿಸಿಯ ಸೇತುವೆ ಮೇಲಿನ ಹಳೆಸಾಮಾನಿನ ಸಂತೆಯಲ್ಲಿ
ಮೆಡಲು, ಫೋರ್ಕು, ಯಾರದೋ ಹಲ್ಲುಸೆಟ್ಟಿನ ನಡುವೆ
ಕೂತಿತ್ತು ಈ ಝೆನಿತ್.
ಮಾರುವವಳು ಎತ್ತಿ ಮೇಜಿಗೆ ಕುಟ್ಟಿ ತೋರಿಸಿದಳು:
ನೋಡು, ಏನೂ ಆಗುವುದಿಲ್ಲ.
ಮೇಜಿಗೆ ಸ್ವಲ್ಪ ಆಯಿತು.

ಸಿಕ್ಕಿದ್ದು ಒಂದೇ ರೀಲು, ಕಪ್ಪುಬಿಳುಪು.
ಹತ್ತು ದಿನದ ರಜೆ, ಮೂವತ್ತಾರು ಚಿತ್ರ;
ದಿನಕ್ಕೆ ಮೂರೂವರೆ ಎಂದು ಅಳೆದಿಟ್ಟೆ
ರೇಷನ್ನಿನ ಸಕ್ಕರೆಯಂತೆ.
ಮೊದಲ ದಿನವೇ ಹನ್ನೊಂದು ಮುಗಿದವು.
ಅದರಲ್ಲಿ ಬೆಕ್ಕೇ ನಾಲ್ಕು.

ಆಮೇಲೆ ಜಿಪುಣತನ ಕಲಿಸಿತು ರಾಚಾದ ದಾರಿ.
ವ್ಯಾನಿನ ಕಿಟಕಿಗೆ ರಿಯೋನಿ ನದಿ
ಬಲಕ್ಕೆ ಬಂತು, ಎಡಕ್ಕೆ ಹೋಯಿತು, ಮತ್ತೆ ಬಲಕ್ಕೆ.
ಪ್ರತಿಸಲವೂ ಕಣ್ಣಿಗೇರಿಸಿದೆ, ಪ್ರತಿಸಲವೂ ಇಳಿಸಿದೆ.
ಡ್ರೈವರನ ಪಕ್ಕದ ಸೀಟಿನಲ್ಲಿ
ಬೆಲ್ಟು ಬಿಗಿದುಕೊಂಡು ಒಂದು ಕುಂಬಳಕಾಯಿ,
ಅದರ ಒಡತಿ ಹಿಂದೆ ನಿಂತೇ ಇದ್ದಳು.
ಅದನ್ನೂ ತೆಗೆಯಲಿಲ್ಲ. ಈಗಲೂ ಹೊಟ್ಟೆ ಉರಿಯುತ್ತದೆ.

ದ್ರಾಕ್ಷಿ ಕೊಯ್ಲಿನ ಕೊನೆಯ ವಾರ.
ಎತೆರಿಯ ಮನೆಯಲ್ಲಿ ಬಾಡಿಗೆಗೆ ಒಂದು ಕೋಣೆ,
ಅಂಗಳದಲ್ಲಿ ಕುತ್ತಿಗೆವರೆಗೆ ಮಣ್ಣಲ್ಲಿ ಹೂತ ಗುಡಾಣ.
ಮುಚ್ಚಳ ಸರಿಸಿ ತೋರಿಸು ಎಂದರೆ
ಅವಳ ಗಂಡ ಮುರ್ಮಾನ್ ನನ್ನ ಕೊರಳಿಗೆ ಬೆರಳು ತೋರಿಸಿದ:
ನಿನ್ನ ಡಬ್ಬಿ ತೆರೆ ಮೊದಲು.
ಸರಿ ಎಂದು ಸುಮ್ಮನಾದೆ.
ಇಬ್ಬರದೂ ಕತ್ತಲಲ್ಲಿ ಆಗುವ ಕೆಲಸ.

ಹೊರಡುವ ಹಿಂದಿನ ಸಂಜೆ ಎಣಿಕೆ ಮೂವತ್ತೈದು.
ಕೊನೆಯದು ಹಿಮದ ಶಿಖರಕ್ಕೆಂದು ಎತ್ತಿಟ್ಟಿದ್ದೆ;
ಶಿಖರ ಮೂರು ದಿನದಿಂದ ಮೋಡ ಹೊದ್ದು ಮಲಗಿತ್ತು.
ಮುರ್ಮಾನ್ ಬಂದ. ಮದುವೆಗೆ ಹಾಕುವ ಕೋಟು,
ನೀರು ಹಚ್ಚಿ ಬಾಚಿದ ಮೀಸೆ.
ಮೊಮ್ಮಗಳು ತೆಕ್ಲೆ, ಶಾಲೆಯ ಇಂಗ್ಲಿಷಿನಲ್ಲಿ,
ನೆಲ ನೋಡುತ್ತ ಹೇಳಿದಳು:
ತಾತನಿಗೆ ಒಂದು ಫೋಟೋ ಬೇಕಂತೆ.
ಕಲ್ಲಿಗೆ.

ಯಾವ ಕಲ್ಲು ಎಂದು ಕೇಳಬೇಕಾಗಲಿಲ್ಲ.
ಇಗರ್ಜಿಯ ಹಿಂದಿನ ದಿಬ್ಬದಲ್ಲಿ ಬೆಳಿಗ್ಗೆ ನೋಡಿದ್ದೆ
ಕರಿಗಲ್ಲಿನೊಳಗೆ ಕೊರೆದ ಆಳೆತ್ತರದ ಮಂದಿ:
ಒಬ್ಬ ಸಿಗರೇಟು ಹಿಡಿದು, ಒಬ್ಬಳು ಕೈಚೀಲ ಹಿಡಿದು,
ಬಸ್ಸಿಗೆ ಕಾಯುವವರ ಹಾಗೆ.

ಫೋನಿನದು ಬೇಡವಂತೆ, ಅದರಲ್ಲಿ ಮೂಗು ದಪ್ಪವಾಗುತ್ತದಂತೆ.
ಆ ಮೂಗಿನೊಂದಿಗೆ ಬಹಳ ಕಾಲ ಇರಬೇಕಲ್ಲ.
ಎತೆರಿ ಒಳಗಿನಿಂದ ಏನೋ ಬೈದಳು.
ತೆಕ್ಲೆ ಅದನ್ನು ಅನುವಾದಿಸಲಿಲ್ಲ.

ಒಂದೇ ಇದೆ, ಕಣ್ಣು ಮುಚ್ಚಬೇಡ, ಎಂದೆ.
ಅಕ್ರೋಟು ಮರದ ಹಿಂದೆ ಬೆಳಕು ಜಾರುತ್ತಿತ್ತು.
ಕೈ ಅಲುಗದಿರಲೆಂದು ಉಸಿರು ಹಿಡಿದೆ,
ಅವನೂ ಹಿಡಿದ;
ಎಷ್ಟು ಹಿಡಿದನೆಂದರೆ ಕತ್ತಿನ ನರ ಉಬ್ಬಿ
ಮುಖ ಆಗಲೇ ಕಲ್ಲಾಗತೊಡಗಿತ್ತು.
ಅಷ್ಟರಲ್ಲಿ ಒಳಗೆ ತಟ್ಟೆ ಬಿತ್ತು,
ಬಿತ್ತೋ, ಬೀಳಿಸಿದಳೋ.
ಅವನು ಅತ್ತ ತಿರುಗಿ ಬಾಯಿ ತೆರೆದ.
ಖಟ್ ಎಂದಿತು ಝೆನಿತ್
ಯಾರೋ ಸಿಟ್ಟಿನಲ್ಲಿ ಬಾಗಿಲು ಹಾಕಿದ ಹಾಗೆ.
ಸನ್ನೆ ಎಳೆದೆ. ಬರಲಿಲ್ಲ.

ಮರುದಿನ ಬೆಳಿಗ್ಗೆ ಶಿಖರ ಎದ್ದು ಕೂತಿತ್ತು,
ಇಡಿಯಾಗಿ, ನಾಚಿಕೆಯಿಲ್ಲದೆ.
ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.
ಜೇಬಿನಲ್ಲಿಟ್ಟುಕೊಂಡು ನೋಡಿದೆ, ವ್ಯಾನು ಕೂಗುವವರೆಗೆ.

ರೀಲು ತೊಳೆಸಿದಾಗ ನಾಲ್ಕು ಬೆಕ್ಕೂ ಮಬ್ಬು.
ಕೊನೆಯ ಚೌಕದಲ್ಲಿ ಮದುವೆ ಕೋಟಿನ ಮನುಷ್ಯ
ಬೈಯಲು ಹೊರಟವನು ನಗುತ್ತಿದ್ದಾನೆ.
ಕಿಟಕಿ ಗಾಜಿನಲ್ಲಿ ಅರ್ಧ ಹೆಂಗಸು.
ಅಂಚನ್ನು ಬೆಳಕು ತಿಂದಿದೆ.
ದೊಡ್ಡದು ಮಾಡಿಸಿ ಅಂಚೆಗೆ ಹಾಕಿದೆ.

ಫೆಬ್ರವರಿಯಲ್ಲಿ ತೆಕ್ಲೆಯ ಕಾಗದ, ಗೆರೆಹಾಳೆಯ ಮೇಲೆ:
ಕಲ್ಲು ಕೊರೆಯುವವ ಇದು ಆಗದು ಎಂದ,
ಸತ್ತವರು ನೇರ ನೋಡಬೇಕಂತೆ.
ಅಜ್ಜಿ ಅದನ್ನು ಒಲೆಯ ಮೇಲಿನ ಮೊಳೆಗೆ ತೂಗುಹಾಕಿದ್ದಾಳೆ,
ಹೊಗೆ ಹಿಡಿಯುತ್ತದೆ ಎಂದರೂ ಕೇಳುವುದಿಲ್ಲ.
ಗುಡಾಣ ತೆರೆಯುವ ಹೊತ್ತಿಗೆ ನೀವು ಬರಬೇಕಂತೆ.
ಅಲ್ಲಿವರೆಗೆ ತಾತ ಎಲ್ಲಿಗೂ ಹೋಗುವುದಿಲ್ಲವಂತೆ.
ಎರಡು ರೀಲು ತರಬೇಕಂತೆ.